ನಮ್ಮ ಬಡತನ ನಿಜ, ಗೋಡೆ ಮಾತ್ರ ಸುಳ್ಳು

ವಿದ್ಯಾರ್ಥಿ ನೆರವು ನಿಧಿಯ ಮಾನ್ಯ ಅಧ್ಯಕ್ಷರೇ,

ಕಾಲೇಜಿನಲ್ಲಿ ಶುಲ್ಕ ಕಟ್ಟುವ ಕಿಂಡಿಯ ಪಕ್ಕ ನೀವು ತೂಗುಹಾಕಿಸಿರುವ ದೊಡ್ಡ ಪಟವನ್ನು ದಯವಿಟ್ಟು ಇಳಿಸಿ. ಬೂಷ್ಟು ಹಿಡಿದು ಕಪ್ಪಾದ ಗೋಡೆ, ಅದರ ಮುಂದೆ ಪುಸ್ತಕ ಎದೆಗವಚಿಕೊಂಡು ನಿಂತ ಹುಡುಗಿ, ಕೆಳಗೆ ‘ಈ ಗೋಡೆಯ ಆಚೆಗೂ ಒಂದು ಭವಿಷ್ಯವಿದೆ’ ಎಂಬ ದಪ್ಪಕ್ಷರದ ಸಾಲು. ಹುಡುಗಿ ನನ್ನ ಮಗಳು. ಗೋಡೆ ನಮ್ಮ ಮನೆಯದು. ಬೂಷ್ಟು ನನ್ನ ಗಂಡ ಬ್ರಷ್ ಹಿಡಿದು ಬಿಡಿಸಿದ್ದು. ಸರಿಯಾಗಿಯೇ ಓದಿದ್ದೀರಿ, ಬಿಡಿಸಿದ್ದು. ನಿಮ್ಮ ಪರಿಶೀಲನೆಗೆಂದೇ ಬಿಡಿಸಿದ್ದು. ಭವಿಷ್ಯದ ವಿಷಯ ನಾನರಿಯೆ, ಆ ಗೋಡೆಯ ಆಚೆಗಿರುವುದು ನಮ್ಮ ಅಡುಗೆಮನೆ.

ನಿಮ್ಮ ಕಚೇರಿಯ ಎದುರು, ರಸ್ತೆಯ ಆ ಬದಿಗೆ, ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯೊಂದಿದೆ. ಬಾಗಿಲ ಪಕ್ಕದ ಕಂಪ್ಯೂಟರಿನ ಮುಂದೆ ಕೂತಿರುವವಳು ನಾನು. ‘ಟೈಪ್ ಅಕ್ಕ’ ಅಂದರೆ ಆ ರಸ್ತೆಯಲ್ಲಿ ಯಾರಾದರೂ ತೋರಿಸುತ್ತಾರೆ. ನಿಮ್ಮ ಮೇಜಿಗೆ ಬರುವ ಅರ್ಜಿಗಳಲ್ಲಿ ಅರ್ಧಕ್ಕರ್ಧ ನನ್ನ ಬೆರಳ ತುದಿಯಿಂದ ಹೊರಟವು. ಯಾವ ಪದಕ್ಕೆ ನಿಮ್ಮ ಮನಸ್ಸು ಕರಗುತ್ತದೆ, ಯಾವ ಪದಕ್ಕೆ ನಿಮ್ಮ ಗುಮಾಸ್ತರು ಮುಖ ಸಿಂಡರಿಸುತ್ತಾರೆ, ಎಲ್ಲಾ ನನಗೆ ಬಾಯಿಪಾಠ. ‘ಶಿಥಿಲಾವಸ್ಥೆಯಲ್ಲಿರುವ, ವಾಸಕ್ಕೆ ಯೋಗ್ಯವಲ್ಲದ ಮನೆಯಲ್ಲಿ ಅತ್ಯಂತ ಕಷ್ಟದಿಂದ ಜೀವನ ಸಾಗಿಸುತ್ತಿದ್ದು’ ಎಂಬ ಸಾಲನ್ನು ನೀವು ಎಷ್ಟು ಸಲ ಓದಿರುತ್ತೀರೋ! ಅದು ನನ್ನ ಸಾಲು. ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇದೆ. ಬಂದವರ ಹೆಸರು, ವಿಳಾಸ, ಮಕ್ಕಳು ಸೇರುವ ಕೋರ್ಸು ಇಷ್ಟು ಬದಲಾಯಿಸಿ ಪ್ರಿಂಟ್ ತೆಗೆದರಾಯಿತು. ಯಾರ ಮನೆ ಹೇಗಿದೆ ಎಂದು ನಾನು ಕೇಳಿದವಳಲ್ಲ. ಕೇಳುತ್ತಾ ಕೂತರೆ ಸರದಿ ರಸ್ತೆಗೆ ಬರುತ್ತದೆ.

ಇಂಥವಳ ಮಗಳಿಗೆ ಸೂಕ್ಷ್ಮಜೀವಿ ಶಾಸ್ತ್ರ ಓದಲು ಸೀಟು ಸಿಕ್ಕಿತು. ಸಂತೋಷಕ್ಕೆ ಅವರಪ್ಪ ಏಣಿ ಒರೆಸುತ್ತಾ ಕೂತುಬಿಟ್ಟರು. ಅವರು ಮನೆಗಳಿಗೆ ಬಣ್ಣ ಹೊಡೆಯುವವರು. ಸಂತೋಷವಾದರೂ ಏಣಿ ಒರೆಸುತ್ತಾರೆ, ಬೇಜಾರಾದರೂ ಅದನ್ನೇ ಒರೆಸುತ್ತಾರೆ. ಆಮೇಲೆ ಮೂವರೂ ನೆಲದ ಮೇಲೆ ಕೂತು ಲೆಕ್ಕ ಹಾಕಿದೆವು. ಬಣ್ಣದ ಕಂಪನಿಯವರು ಕೊಡುವ ಮಾದರಿ ಕಾರ್ಡಿನ ಹಿಂಬದಿಯಲ್ಲಿ ಮಗಳು ಬರೆಯುತ್ತಾ ಹೋದಳು: ಅಪ್ಪನ ಕೂಲಿ, ಕೆಲಸ ಸಿಗದ ತಿಂಗಳುಗಳು, ನನ್ನ ಸಂಬಳ, ಬಾಡಿಗೆ, ಕಾಲೇಜು, ಬಸ್ಸು, ಪುಸ್ತಕ. ಕಾರ್ಡಿನ ಮುಂಬದಿಯಲ್ಲಿ ಗುಲಾಬಿ, ನೇರಳೆ, ಕೇಸರಿ ಎಲ್ಲಾ ಇದ್ದವು. ಹಿಂಬದಿಯಲ್ಲಿ ಹೇಗೆ ಕೂಡಿದರೂ ಕಳೆದರೂ ಮೊದಲ ವರ್ಷದ ಅರ್ಧಕ್ಕೇ ನಮ್ಮ ಉಸಿರು ನಿಂತುಹೋಗುತ್ತಿತ್ತು.

ಮಗಳ ಸೋದರತ್ತೆಯ ಹತ್ತಿರ ಹೋದೆವು. ಅವರು ದುಡ್ಡಿನ ಬದಲು ಬುದ್ಧಿ ಕೊಟ್ಟು ಕಳಿಸಿದರು, ಅದೂ ಧಾರಾಳವಾಗಿ. ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಕನ್ನಡಕದ ಮೇಲಿಂದ ನೋಡಿ, “ಆಸ್ತಿ ಅಂತ ಏನಿದೆ?” ಎಂದರು. ನಮ್ಮವರು, “ಏಣಿ ಇದೆ ಸಾರ್” ಎಂದುಬಿಟ್ಟರು. ತಮಾಷೆಗಲ್ಲ, ಯೋಚನೆ ಮಾಡಿಯೇ ಹೇಳಿದರು. ಮ್ಯಾನೇಜರ್ ನಕ್ಕರು, ಅವರ ಹಿಂದೆ ಕೂತವರೂ ನಕ್ಕರು, ಜಾಮೀನು ಹಾಕುವವರನ್ನು ಕರೆದುಕೊಂಡು ಬನ್ನಿ ಎಂದರು. ನಮಗೆ ಜಾಮೀನು ಹಾಕುವಷ್ಟು ಸ್ಥಿತಿವಂತರು ನಮ್ಮನ್ನು ಬಣ್ಣ ಹೊಡೆಯಲು ಕರೆಯುತ್ತಾರೆಯೇ ಹೊರತು ಬ್ಯಾಂಕಿಗೆ ಬರುವುದಿಲ್ಲ. ಬ್ಯಾಂಕಿನ ದೃಷ್ಟಿಯಲ್ಲಿ ನಾವು ಸಾಲ ಪಡೆಯಲಾರದಷ್ಟು ಬಡವರು. ಸರಿ, ಹಾಗಾದರೆ ಬಡವರಿಗೆಂದೇ ಇರುವ ಕಚೇರಿ ಇದೆಯಲ್ಲ, ಅದೂ ನನ್ನ ಕಣ್ಣೆದುರಿಗೇ ಎಂದು ನಿಮ್ಮ ಬಾಗಿಲಿಗೆ ಬಂದೆ.

ಮಗಳ ಅರ್ಜಿಯನ್ನು ನಾನೇ ಟೈಪ್ ಮಾಡಿದೆ. ಬೇರೆಯವರಿಗೆ ಹೇಗೋ ಹಾಗೆ. ಸಿದ್ಧವಾಗಿದ್ದ ಸಾಲಿನಲ್ಲಿ ಹೆಸರು ಬದಲಾಯಿಸಿದೆ, ಪ್ರಿಂಟ್ ಒತ್ತಿದೆ. ‘ಶಿಥಿಲಾವಸ್ಥೆಯಲ್ಲಿರುವ, ವಾಸಕ್ಕೆ ಯೋಗ್ಯವಲ್ಲದ ಮನೆ’ ಎನ್ನುವುದು ನಮ್ಮ ಮನೆಯ ವಿಷಯ ಎಂಬುದು ಆ ಹೊತ್ತು ತಲೆಗೇ ಹೊಳೆಯಲಿಲ್ಲ. ನನ್ನ ಪಾಲಿಗೆ ಅದು ಮಾನ್ಯರೇ ಎಂದ ಮೇಲೆ ಬರಬೇಕಾದ ಒಂದು ಸಾಲು, ಅಷ್ಟೇ.

ಈಗ ನಮ್ಮ ಮನೆಯನ್ನು ಹೇಳಬೇಕು. ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ಬಾಡಿಗೆಯದು. ಕೆಳಗೆ ಮನೆಯ ಯಜಮಾನಿ ಅಜ್ಜಿ ಇದ್ದಾರೆ. ಬಣ್ಣದ ಕೆಲಸ ಮುಗಿದ ಮೇಲೆ ಡಬ್ಬದ ತಳದಲ್ಲಿ ಸ್ವಲ್ಪ ಉಳಿಯುತ್ತದೆ, ಯಾರಿಗೂ ಬೇಡದ್ದು. ಅದನ್ನು ನಮ್ಮವರು ಮನೆಗೆ ತರುತ್ತಾರೆ. ಅಡುಗೆಮನೆಗೆ ಹಲ್ಲಿನ ಡಾಕ್ಟರರ ಹಸಿರು. ನಡುಕೋಣೆಗೆ ಅದೇ ಬ್ಯಾಂಕಿನ ನೀಲಿ, ಸಾಲ ಕೊಡದಿದ್ದರೂ ಬಣ್ಣ ಕೊಟ್ಟಿದ್ದರು. ಬಾಗಿಲಿಗೆ ಶಿಶುವಿಹಾರದ ಹಳದಿ. ಮಗಳು ಓದುವ ಮೂಲೆಯ ಗೋಡೆಗೆ ಮಾತ್ರ ಅವರು ಎಲ್ಲಾ ಡಬ್ಬಗಳ ತಳ ಕೆರೆದು, ಬೆರೆಸಿ, ನೋಡಿ, ಮತ್ತೆ ಬೆರೆಸಿ ಒಂದು ಬಣ್ಣ ಮಾಡಿದ್ದರು. ನೀಲಿ ಎಂದರೆ ನೀಲಿಯಲ್ಲ, ಹಸಿರು ಎಂದರೆ ಹಸಿರಲ್ಲ. ಕಂಪನಿ ಕಾರ್ಡಿನಲ್ಲಿ ಅದಕ್ಕೆ ನಂಬರ್ ಇಲ್ಲ. ಬೆಳಗಿನ ಬಿಸಿಲು ಬಿದ್ದಾಗ ಆ ಗೋಡೆ ನೋಡಿದರೆ ಕಣ್ಣಿಗೆ ಹಿತ ಎನಿಸುತ್ತಿತ್ತು. ಯಾರಾದರೂ ಅದರ ಮೇಲೆ ಎಣ್ಣೆ ಕೈ ಇಟ್ಟರೆ ಸಾಕು, ಮಗಳು ಮೈಮೇಲೆ ಬೀಳುತ್ತಿದ್ದಳು.

ನಿಮ್ಮ ಮೊದಲ ಪರಿಶೀಲಕರು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಚಪ್ಪಲಿ ಕಳಚಿ, ಗೋಡೆ ಗೋಡೆಯನ್ನೂ ನೋಡಿ, ಕೈಯಲ್ಲಿದ್ದ ಅರ್ಜಿ ನೋಡಿದರು.

“ಏನಮ್ಮಾ, ಶಿಥಿಲ ಅಂತ ಬರ್ದಿದ್ದೀರಿ. ಇಲ್ಲಿ ನೋಡಿದ್ರೆ ಹೀಗಿದೆ!”

“ಸಾರ್, ಅದೆಲ್ಲ ಮಿಕ್ಕಿದ ಬಣ್ಣ. ಒಂದು ಪೈಸೆ ಖರ್ಚಿಲ್ಲ.”

“ಮಿಕ್ಕಿದ್ದೋ ಕೊಂಡಿದ್ದೋ, ಅದಕ್ಕೆ ನನ್ನ ಕಾಗದದಲ್ಲಿ ಜಾಗ ಇಲ್ಲವಲ್ಲಮ್ಮಾ. ಮನೆ ಸ್ಥಿತಿ ಅಂತಷ್ಟೇ ಇದೆ. ಉತ್ತಮ, ಸಾಧಾರಣ, ಶಿಥಿಲ.”

ಹೋಗುವಾಗ ಮೆಟ್ಟಿಲಲ್ಲಿ ತಿರುಗಿ ನಿಂತು ನಮ್ಮವರನ್ನು ಕೇಳಿದರು: “ನಮ್ಮ ಹಾಲಿಗೂ ಈ ಬಣ್ಣ ಹೊಡ್ಕೊಡ್ತೀರಾ?” ಫೋನ್ ನಂಬರ್ ಬರೆದುಕೊಂಡರು. ಅದೇ ಪೆನ್ನಿನಲ್ಲಿ ಕಾಗದದ ‘ಮನೆ ಸ್ಥಿತಿ’ಯ ಮುಂದೆ ‘ಉತ್ತಮ’ ಎಂದು ಗುರುತು ಹಾಕಿದ್ದರು. ಅಧ್ಯಕ್ಷರೇ, ಒಬ್ಬ ಬಡವನ ಕೈಗೆಲಸ ಚೆನ್ನಾಗಿದೆ ಎಂಬ ಕಾರಣಕ್ಕೆ ಅವನು ಬಡವನಲ್ಲ ಎಂದು ತೀರ್ಮಾನಿಸುವ ವಿದ್ಯೆಯನ್ನು ತಾವು ಯಾವ ಕಾಲೇಜಿನಲ್ಲಿ ಕಲಿತಿರಿ? ಅದಕ್ಕೆ ಶುಲ್ಕ ಯಾರು ಕಟ್ಟಿದರು?

ಕೋಪ ಬಂದು ಇಷ್ಟು ಕೇಳಿದೆ. ಆದರೆ ನಿಮ್ಮನ್ನು ಬೈದು ನಾನು ಪಾರಾಗುವಂತಿಲ್ಲ. ಮುಂದಿನದು ನನ್ನ ಪಾಲಿನದು.

ಅರ್ಜಿ ತಿರಸ್ಕಾರವಾಗಿ ಬಂತು. ವಿವರಗಳು ವಾಸ್ತವಕ್ಕೆ ಹೊಂದುವುದಿಲ್ಲವಂತೆ. ಬರೆದದ್ದು ಸುಳ್ಳೆಂದು ಸಾಬೀತಾದರೆ ವಿದ್ಯಾರ್ಥಿಗೆ ಮುಂದೆಂದೂ ನೆರವಿಲ್ಲವಂತೆ. ಮೇಲ್ಮನವಿಗೆ ಒಂದೇ ಅವಕಾಶ, ಬೇರೆ ಅಧಿಕಾರಿ ಬಂದು ನೋಡುತ್ತಾರಂತೆ. ಅರ್ಜಿ ತಪ್ಪು ಎಂದು ಒಪ್ಪಿಕೊಂಡರೆ ಮಗಳ ಬಾಗಿಲು ಮುಚ್ಚಿಹೋಗುತ್ತದೆ. ಹಾಗಾದರೆ ಅರ್ಜಿಯೇ ಸರಿ ಎನ್ನಬೇಕು. ಅರ್ಜಿ ಸರಿ ಎಂದಾದರೆ ತಪ್ಪಿರುವುದು ಮನೆಯಲ್ಲಿ. ಹೀಗೆ ಯೋಚಿಸಿದ್ದು ನನ್ನ ತಲೆ. ಜೀವಮಾನವಿಡೀ ನಿಮ್ಮ ಕಚೇರಿಗೆ ಕಾಗದ ಟೈಪ್ ಮಾಡಿದ ತಲೆ ಇನ್ನು ಹೇಗೆ ಯೋಚಿಸೀತು?

“ಅರ್ಜಿ ತಿದ್ದಕ್ಕಾಗಲ್ಲ. ಮನೆ ತಿದ್ದೋಣ” ಎಂದೆ.

ನಮ್ಮವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಲೆ ತಗ್ಗಿಸಿ, “ನಾನು ಗೋಡೆ ಚೆನ್ನಾಗಿ ಮಾಡೋನು ಕಣೇ. ಕೆಡ್ಸೋ ಕೆಲ್ಸ ನಂಗೆ ಬರಲ್ಲ” ಎಂದರು.

“ಬರಲ್ಲ ಅಂದ್ರೆ ಮಗಳು ಮನೇಲಿ ಕೂತ್ಕೋಬೇಕಾ?” ಎಂದೆ. ಹಾಗೆ ಕೇಳಬಾರದಿತ್ತು. ಅದಕ್ಕೆ ಅವರ ಹತ್ತಿರ ಉತ್ತರ ಇರುವುದಿಲ್ಲ ಎಂದು ಗೊತ್ತಿದ್ದೇ ಕೇಳಿದೆ.

ವಿದ್ಯಾರ್ಥಿ ಓದುವ ಜಾಗವನ್ನು ನೋಡಬೇಕು ಎಂದು ನಿಮ್ಮ ನಿಯಮದಲ್ಲಿದೆ. ಹಾಗಾಗಿ ಕೆಡಿಸಬೇಕಾದ ಗೋಡೆ ಅದೇ, ಮಗಳದ್ದೇ. ಮಗಳು ಲೈಬ್ರರಿಗೆ ಹೋಗಿದ್ದಳು. ಇದ್ದಿಲ ಪುಡಿ, ಸಿಮೆಂಟು, ಕಪ್ಪು ಬಣ್ಣ, ಅಂಚಿನ ಕಂದು ಬಣ್ಣಕ್ಕೆ ಟೀ ಡಿಕಾಕ್ಷನ್, ಎಲ್ಲಾ ಇಟ್ಟುಕೊಂಡು ಅವರು ಏಣಿ ಹತ್ತಿದರು. ಆ ಏಣಿಯ ಮೇಲೆ ಅವರು ಸಿಳ್ಳೆ ಹಾಕದೆ ಕೆಲಸ ಮಾಡಿದ್ದನ್ನು ನಾನು ಅಂದೇ ನೋಡಿದ್ದು. ಪಾಪ, ಕೆಡಿಸಲು ಹೊರಟರೂ ಕೈ ಕೇಳಬೇಕಲ್ಲ. ಕಲೆಗಳು ಒಂದಕ್ಕೊಂದು ಅಳತೆ ಹಿಡಿದ ಹಾಗೆ ಬಂದವು, ಅಂಚು ನೀಟಾಗಿ ಬಂತು. ಬೂಷ್ಟಿಗೆ ಯಾರಾದರೂ ಬಹುಮಾನ ಕೊಡುವುದಿದ್ದರೆ ಅದಕ್ಕೇ ಕೊಡಬೇಕಿತ್ತು.

ಮಗಳು ಬಂದಳು. ಚೀಲ ಹೆಗಲಲ್ಲೇ ಇತ್ತು. ಗೋಡೆಯನ್ನು ನೋಡಿದಳು, ಅಪ್ಪನ ಕೈ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅತ್ತಿದ್ದರೆ ಎಷ್ಟೋ ವಾಸಿ ಇತ್ತು. ಅವಳು ಚೀಲ ಇಳಿಸಿ ಗೋಡೆಯ ಹತ್ತಿರ ಹೋಗಿ, “ಅಪ್ಪಾ, ಬೂಷ್ಟು ಹೀಗೆ ಬಾರ್ಡರ್ ಹಾಕ್ದಂಗೆ ಬರಲ್ಲ. ತೇವ ಮೇಲಿನ ಮೂಲೆಯಿಂದ ಶುರು ಆಗ್ಬೇಕು. ಚುಕ್ಕಿ ಚುಕ್ಕಿ ಗುಂಪು ಗುಂಪಾಗಿ ಬೆಳೆಯುತ್ತೆ. ಇಲ್ಲಿ ಕೊಡು” ಎಂದು ಬ್ರಷ್ ಇಸಿದುಕೊಂಡಳು. ಪುಸ್ತಕದಲ್ಲಿರುವ ಚಿತ್ರ ನೋಡಿಕೊಂಡು ತನ್ನ ಗೋಡೆಯ ಮೇಲೆ ತಾನೇ ಚುಕ್ಕಿ ಇಟ್ಟಳು. ಕಾಲೇಜಿಗೆ ಸೇರುವ ಮೊದಲೇ ಅವಳ ಶಾಸ್ತ್ರವನ್ನು ನಾವು ಹೀಗೆ ಬಳಸಿಕೊಂಡೆವು. ನನಗೆ ಅಲ್ಲಿ ನಿಲ್ಲಲಾಗದೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ನಿಮ್ಮ ಎರಡನೆಯ ಅಧಿಕಾರಿ ಬಂದರು, ಜೊತೆಗೆ ಕ್ಯಾಮೆರಾದವರು. ಉಳಿದ ಗೋಡೆಗಳತ್ತ ತಿರುಗಿಯೂ ನೋಡದೆ ನೇರ ಮಗಳು ಓದುವ ಮೂಲೆಗೇ ಹೋದರು. ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡರು. ಬೂಷ್ಟಿನ ವಾಸನೆ ತಡೆಯಲಾಗುತ್ತಿಲ್ಲ ಎಂದರು. ಇರದ ಬೂಷ್ಟಿನ ವಾಸನೆ! “ಇಲ್ಲಿ ಹೇಗಮ್ಮಾ ಓದ್ತೀಯಾ?” ಎಂದು ಮಗಳನ್ನು ಕೇಳಿದರು. ಅವಳು, “ಅಭ್ಯಾಸ ಆಗಿದೆ ಮೇಡಂ” ಎಂದಳು. ಅಷ್ಟು ಚೆನ್ನಾಗಿ ಸುಳ್ಳು ಹೇಳಲು ನನ್ನ ಮಗಳಿಗೆ ಬರುತ್ತದೆ ಎಂದು ನನಗೆ ಅಂದು ತಿಳಿಯಿತು. ಫೈಲಿಗೆ ಒಂದು ಫೋಟೋ ಬೇಕು, ಗೋಡೆಯ ಮುಂದೆ ನಿಲ್ಲು ಎಂದರು. ಫೋಟೋ ಎಂದ ಕೂಡಲೇ ಅವಳಿಗೆ ನಗು ಬರುತ್ತದೆ, ಚಿಕ್ಕಂದಿನಿಂದ ಹಾಗೇ. ಪುಸ್ತಕ ಅವಚಿಕೊಂಡು ನಿಂತು ಹಲ್ಲು ಬಿಟ್ಟಳು. ಆಗ ಆ ಕೋಣೆಯಲ್ಲಿ ಒಬ್ಬರು ‘ನಗಬೇಡ’ ಎಂದರು. ಯಾರೆಂದು ಕೊನೆಯಲ್ಲಿ ಹೇಳುತ್ತೇನೆ. ಈಗ ಬೆರಳು ಓಡುತ್ತಿಲ್ಲ.

ನೆರವು ಮಂಜೂರಾಯಿತು. ಅರ್ಧ ಶುಲ್ಕ ನಿಮ್ಮದು, ಅರ್ಧ ನಮ್ಮದು. ಮಗಳು ಕಾಲೇಜಿಗೆ ಸೇರಿದಳು. ನಿಮ್ಮ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. ಇನ್ನೇನು, ಗೋಡೆ ತೊಳೆದು ಬಣ್ಣ ಹೊಡೆಯೋಣ ಎಂದು ನಮ್ಮವರು ಡಬ್ಬಗಳನ್ನು ಜೋಡಿಸತೊಡಗಿದರು. ಆಗ ಮಂಜೂರಾತಿ ಪತ್ರದ ಹಿಂಬದಿ ಓದಿದೆ. ನೆರವು ಪ್ರತಿ ವರ್ಷ ನವೀಕರಣವಾಗಬೇಕು, ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ಯಾವಾಗ ಬೇಕಾದರೂ ಭೇಟಿ ನೀಡಬಹುದು. ಅಂದರೆ ಬೂಷ್ಟು ಅಲ್ಲೇ ಇರಬೇಕು. ಪದವಿ ಮುಗಿಯುವವರೆಗೆ ಇರಬೇಕು. ಇರುವುದಷ್ಟೇ ಅಲ್ಲ, ಬಣ್ಣದ ಬೂಷ್ಟು ಬಿಸಿಲಿಗೆ ಮಾಸುತ್ತದೆಯಲ್ಲ, ಆಗಾಗ ಹೊಸದು ಮಾಡುತ್ತಿರಬೇಕು. ಊರವರ ಮನೆಗಳನ್ನೆಲ್ಲ ಚೆಂದ ಮಾಡಿ ಸಂಜೆ ಬಂದು, ಕೈಕಾಲು ತೊಳೆದು, ನನ್ನ ಗಂಡ ಮನೆಯ ಬೂಷ್ಟು ತಿದ್ದುತ್ತಾರೆ. ನಿಮ್ಮ ಸಹಾಯದಿಂದ ನಮ್ಮ ಮನೆಯಲ್ಲಿ ಶುರುವಾದ ಹೊಸ ಉದ್ಯೋಗ ಅದೊಂದೇ.

ಕೆಳಗಿನ ಅಜ್ಜಿಗೆ ಮೊಣಕಾಲು ನೋವು, ಮಹಡಿ ಹತ್ತುವುದು ಅಪರೂಪ. ಒಂದು ದಿನ ಹತ್ತಿ ಬಂದವರು ಗೋಡೆ ನೋಡಿ ಎದೆ ಹಿಡಿದುಕೊಂಡರು. “ಅಯ್ಯೋ, ತಾರಸಿ ಸೋರ್ತಿದೆ! ಮಗು ಓದೋ ಜಾಗ! ಹೇಳ್ಬಾರ್ದಾ ನೀವು?” ಎಂದು ನಮ್ಮನ್ನೇ ಗದರಿದರು. ಮರುದಿನವೇ ಮೇಸ್ತ್ರಿಯನ್ನು ಕರೆಸಿ ತಾರಸಿ ಅಗೆಸಿದರು. ಸಿಮೆಂಟು ಹಾಕಿಸಿದರು. ಎಲ್ಲಾ ಅವರ ಕೈಯಿಂದ. ನಾವು ಕತ್ತು ಬಗ್ಗಿಸಿಕೊಂಡು ಇದ್ದೆವು. ಬಾಯಿ ತೆರೆದರೆ ನಿಮ್ಮ ಕಚೇರಿಗೆ ಮುಟ್ಟುತ್ತದೆಯೇನೋ ಎಂಬ ಭಯ. ಗೋಡೆ ಒಣಗುವವರೆಗೆ ಎಂದು ಬಾಡಿಗೆಯನ್ನೂ ಕಮ್ಮಿ ಮಾಡಿದರು. ಎದುರು ಸಿಕ್ಕಾಗಲೆಲ್ಲ “ಒಣಗ್ತಾ?” ಎನ್ನುತ್ತಾರೆ. “ಇನ್ನೂ ಇಲ್ಲ ಅಜ್ಜಿ” ಎನ್ನುತ್ತೇನೆ. ಅವರು ನನ್ನ ಬೆನ್ನು ಸವರಿ ಸಮಾಧಾನ ಮಾಡುತ್ತಾರೆ. ಅಧ್ಯಕ್ಷರೇ, ಸವರುವ ಬದಲು ಆ ಕೈ ಎರಡೇಟು ಹೊಡೆದಿದ್ದರೆ ಚೆನ್ನಾಗಿತ್ತು.

ಇಷ್ಟಾದ ಮೇಲೆ ನೀವು ಪಟ ಮಾಡಿಸಿದಿರಿ. ಕೇಳದೆ ಹೇಗೆ ಹಾಕಿದಿರಿ ಎಂದು ಜಗಳಕ್ಕೆ ಬರೋಣವೆಂದರೆ, ‘ಭಾವಚಿತ್ರವನ್ನು ಪ್ರಚಾರಕ್ಕೆ ಬಳಸಲು ನನ್ನ ಒಪ್ಪಿಗೆ ಇದೆ’ ಎಂಬ ಸಾಲು ಅರ್ಜಿಯಲ್ಲಿಯೇ ಇದೆ. ಟೈಪ್ ಮಾಡಿದವಳೂ ನಾನೇ. ಮಗಳು ಪ್ರತಿ ಸಲ ತನ್ನ ಪಾಲಿನ ಶುಲ್ಕ ಕಟ್ಟಲು ತನ್ನದೇ ಪಟದ ಕೆಳಗೆ ಸರದಿಯಲ್ಲಿ ನಿಲ್ಲುತ್ತಾಳೆ. ಜೊತೆಯ ಹುಡುಗಿಯೊಬ್ಬಳು, “ನಿಮ್ಮನೆ ನಿಜವಾಗ್ಲೂ ಹೀಗಿದ್ಯಾ?” ಎಂದು ಕೇಳಿದಳಂತೆ. “ಹೂಂ” ಎಂದಳಂತೆ. ಇಲ್ಲ ಎಂದರೆ ನೆರವು ಹೋಗುತ್ತದೆ, ಹೌದು ಎಂದರೆ ಮಾನ ಹೋಗುತ್ತದೆ. ಅಂದಿನಿಂದ ಸ್ನೇಹಿತೆಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಿದ್ದಾಳೆ. ಇತ್ತ, ಹೊಸ ಮನೆಗೆ ಬಣ್ಣ ಹೊಡೆಯಲು ನಮ್ಮವರಿಗೆ ಮುಂಗಡ ಕೊಟ್ಟಿದ್ದ ಒಬ್ಬಾಕೆ ಫೋನ್ ಮಾಡಿ ಬೇಡ ಎಂದರು. ಅವರ ಮಗನೂ ಅದೇ ಕಾಲೇಜು. “ನಿಮ್ಮನೆ ಗೋಡೆನೇ ನೆಟ್ಟಗಿಲ್ಲವಂತೆ, ನಮ್ಮನೇದು ಏನ್ ಮಾಡ್ತೀರಾ?” ಎಂದರಂತೆ. ನಮ್ಮವರು, “ಸರಿ ಅಮ್ಮಾ” ಎಂದು ಮುಂಗಡ ವಾಪಸ್ ಕೊಟ್ಟು ಬಂದು ಏಣಿ ಒರೆಸುತ್ತಾ ಕೂತರು.

ಒಂದು ಮಾತು ನಿಮ್ಮ ಕಿವಿಗೆ ಮಾತ್ರ. ಪಟದ ಹಿಂದೆ ಏನಿದೆ ಎಂದು ನೋಡಿದ್ದೀರಾ? ಮಗಳ ಜೊತೆ ಕಾಲೇಜಿಗೆ ಹೋಗಿದ್ದಾಗ ನಮ್ಮವರು ಅಂಚು ಸರಿಸಿ ನೋಡಿದರು. ನಲ್ಲಿ ಪೈಪು ಸೋರಿ ಅಲ್ಲಿಯ ಗೋಡೆ ನಿಜವಾಗಿಯೂ ಬೂಷ್ಟು ಹಿಡಿದಿದೆ. ನಿಜದ ಬೂಷ್ಟನ್ನು ಮುಚ್ಚಲು ನಮ್ಮ ಸುಳ್ಳು ಬೂಷ್ಟನ್ನು ನೇತುಹಾಕಿದ್ದೀರಿ. ನಗಬೇಕೆನಿಸಿತು, ಆಗಲಿಲ್ಲ.

ಕಳೆದ ವಾರ ನವೀಕರಣದ ಸೂಚನೆ ಬಂತು. ನಮ್ಮವರು ಇದ್ದಿಲ ಪುಡಿಯ ಡಬ್ಬ ತೆಗೆದರು. ಮಗಳು ಓದುತ್ತಿದ್ದವಳು ಎದ್ದು ಬಂದು ಡಬ್ಬದ ಮುಚ್ಚಳ ಹಾಕಿದಳು.

“ಸಾಕಪ್ಪಾ. ಈ ಗೋಡೆ ಮುಂದೆ ನಂಗೆ ಓದಕ್ಕಾಗ್ತಿಲ್ಲ.”

“ನೆರವು ಹೋಗುತ್ತೆ ಕಣೇ” ಎಂದೆ.

“ಹೋಗ್ಲಿ ಅಂತಲ್ಲ ಅಮ್ಮಾ. ನಮಗೆ ಬೇಕು. ಆದ್ರೆ ನಿಜ ಹೇಳಿ ಕೇಳೋಣ. ನೀನೇ ಟೈಪ್ ಮಾಡು. ಆ ರೆಡಿ ಸಾಲು ಹಾಕ್ಬೇಡ.”

ಅದಕ್ಕೇ ಈ ಪತ್ರ. ಮೊದಲು ಕೆಳಗಿನ ಅಜ್ಜಿಗೆ ಹೋಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬಾಗಿಲು ಹಾಕಿಕೊಂಡರು. ಹಾಕಿಕೊಳ್ಳಲಿ, ಅವರ ತಾರಸಿಯ ಖರ್ಚನ್ನು ತೀರಿಸುವುದೂ ಈಗ ನಮ್ಮ ಕಾರ್ಡಿನ ಹಿಂಬದಿಯ ಲೆಕ್ಕದಲ್ಲಿ ಸೇರಿದೆ. ಮಗಳು ಸಂಜೆ ಮಕ್ಕಳಿಗೆ ಪಾಠ ಹೇಳುತ್ತಾಳಂತೆ, ನಾನು ಭಾನುವಾರವೂ ಅಂಗಡಿಯಲ್ಲಿ ಕೂರುತ್ತೇನೆ. ಇಷ್ಟಾದರೂ ನೀವು ಕೈಬಿಟ್ಟರೆ ಮುಂದಿನ ವರ್ಷದ ಶುಲ್ಕಕ್ಕೆ ಸಾಲುವುದಿಲ್ಲ. ಬಚ್ಚಿಡದೆ ಹೇಳುತ್ತಿದ್ದೇನೆ.

ನಾನು ಕೇಳುವುದು ಇಷ್ಟೇ. ಆ ಪಟವನ್ನು ಇಳಿಸಿ. ಹಿಂದಿನ ಗೋಡೆ ಕಾಣುತ್ತದೆ ಎಂಬ ಅಂಜಿಕೆ ಇದ್ದರೆ, ಪೈಪು ಸರಿ ಮಾಡಿಸಿ ಹೇಳಿ ಕಳಿಸಿ, ನನ್ನ ಗಂಡ ಬಂದು ಬಣ್ಣ ಹೊಡೆದು ಕೊಡುತ್ತಾರೆ, ಕೂಲಿ ಬೇಡ. ಈ ಭಾನುವಾರ ನಮ್ಮ ಮನೆಯ ಗೋಡೆಗೂ ಬಣ್ಣ ಬೀಳುತ್ತದೆ. ಹಳೆಯ ಬಣ್ಣ ಮತ್ತೆ ಬರುವುದಿಲ್ಲವಂತೆ, ಯಾವ ಡಬ್ಬದಿಂದ ಎಷ್ಟು ಬೆರೆಸಿದ್ದೆ ಎಂದು ಅವರಿಗೂ ನೆನಪಿಲ್ಲ. ಬೇರೆ ಏನೋ ಬರುತ್ತದೆ. ಅದು ಒಣಗಿದ ಮೇಲೆ ಪರಿಶೀಲನೆಗೆ ಬನ್ನಿ. ಗೋಡೆ ನೋಡಿ, ಮೆಚ್ಚಿ, ಬೇಕಾದರೆ ನಿಮ್ಮ ಹಾಲಿಗೂ ಹೊಡೆಸಿಕೊಳ್ಳಿ. ಆಮೇಲೆ ಕೂತು ನಮ್ಮ ಆದಾಯ ಎಷ್ಟೆಂದು ಕೇಳಿ. ಸುಳ್ಳು ಬರೆದದ್ದಕ್ಕೆ ಶಿಕ್ಷೆ ಕೊಡುವುದಿದ್ದರೆ ಬರೆದವಳಿಗೆ ಕೊಡಿ. ಮಗಳ ಓದು ನಿಲ್ಲಿಸಬೇಡಿ. ಒಂದು ವೇಳೆ ಮತ್ತೆ ಫೋಟೋ ತೆಗೆಯುವುದಾದರೆ, ದಯವಿಟ್ಟು ಅವಳನ್ನು ನಗಲು ಬಿಡಿ. ಈ ಸಲ ನಾನು ಅಡ್ಡ ಬರುವುದಿಲ್ಲ.

ಇಂತಿ,
ಕ್ಯಾಮೆರಾದ ಹಿಂದೆ ನಿಂತು ‘ನಗಬೇಡ ಮಗಳೇ, ಸ್ವಲ್ಪ ಸಪ್ಪಗೆ ಇರು’ ಎಂದು ಹೇಳಿದ
ತಾಯಿ